ಮೂರು ಶಿಶುವಿಹಾರ, ಒಂದು ಅರ್ಜಿ

ಔಷಧಿ ಅಂಗಡಿಯ ಕೌಂಟರಿನ ಹಿಂದೆ ಹನ್ನೊಂದು ವರ್ಷ ನಿಂತು, ಡಾಕ್ಟರುಗಳ ಕೋಳಿಕಾಲು ಬರಹವನ್ನೆಲ್ಲ ಓದಿ ಅರಗಿಸಿಕೊಂಡವಳಿಗೆ ನಗರಸಭೆಯ ಎರಡು ಪುಟದ ಅರ್ಜಿ ತಲೆ ಚಿಟ್ಟು ಹಿಡಿಸಿತ್ತು. ಮಗಳು ಗುಬ್ಬಿಗೆ ಮೂರೂವರೆ ವರ್ಷ. ಬಡಾವಣೆಯಲ್ಲಿ ಸರ್ಕಾರಿ ಶಿಶುವಿಹಾರಗಳು ಮೂರು. ಯಾವುದು ಮೊದಲು, ಯಾವುದು ಆಮೇಲೆ ಎಂದು ಬರೆದು ಶುಕ್ರವಾರ ಸಂಜೆ ಐದರೊಳಗೆ ಕೊಡಬೇಕು. ಗುಬ್ಬಿ ಮನೆಯಲ್ಲಿ ವಟವಟ, ಹೊಸ್ತಿಲು ದಾಟಿದರೆ ಮೂಕಿ. ಅಂಥ ಮಗುವನ್ನು ಕಣ್ಣುಮುಚ್ಚಿ ಎಲ್ಲಿಗೋ ತಳ್ಳಲು ತಾಯಿಗೆ ಮನಸ್ಸಿರಲಿಲ್ಲ.

ಗಂಡ ಸಿಟಿ ಬಸ್ಸಿನ ಡ್ರೈವರ್. "ಎಲ್ಲಾ ಒಂದೇ ಕಣೇ. ಎಲ್ಲಿ ಹಾಕಿದ್ರೂ ಮಣ್ಣಲ್ಲೇ ಆಡೋದು" ಎಂದ. ಅವನ ಅಕ್ಕನ ಮಾತೇ ಬೇರೆ. "ದೊಡ್ಡ ಗೇಟಿನ ಶಾಲೆಗೇ ಹಾಕು. ಗೋಡೆ ನೋಡಿದ್ಯಾ? ಅರಮನೆ ಥರ ಇದೆ."

ಮಂಗಳವಾರ ಅರ್ಧ ದಿನ ರಜೆ ಹಾಕಿ ಆ ದೊಡ್ಡ ಗೇಟಿನ ಒಳಗೆ ಹೋದಳು. ಗೋಡೆಯ ಮೇಲೆ ಆನೆ, ಜಿರಾಫೆ, ವಿಮಾನ. ಅದರ ಕೆಳಗೆ ಮೂವತ್ತು ಮಕ್ಕಳು ಕೈಕಟ್ಟಿ ಕೂತಿದ್ದವು, ಒಂದೂ ಕೆಮ್ಮುತ್ತಿರಲಿಲ್ಲ. ಆಟದ ಸಾಮಾನುಗಳೆಲ್ಲ ಗಾಜಿನ ಬೀರುವಿನಲ್ಲಿ, ಅದಕ್ಕೊಂದು ಬೀಗ.

"ಆಡೋಕೆ ಕೊಡಲ್ವಾ ಟೀಚರ್?"

"ಕೊಟ್ರೆ ಮುರೀತಾರಮ್ಮ. ಸಾಹೇಬ್ರು ಬಂದ ದಿನ ತೆಗೀತೀವಿ."

ಮೇಲೆ ಥಳುಕು, ಒಳಗೆ ಹುಳುಕು ಎಂದುಕೊಂಡು ಹೊರಬಿದ್ದಳು.

ಬುಧವಾರ ಮತ್ತೆ ಅರ್ಧ ದಿನ. ಎರಡನೆಯದರ ಗೇಟಿನಲ್ಲಿ ಕಾವಲುಗಾರ ಸ್ಟೂಲಿನಿಂದ ಏಳಲೂ ಇಲ್ಲ. "ಇಲ್ಲಿ ಸೇರಿರೋ ಮಕ್ಕಳ ತಂದೆತಾಯಿಗೆ ಮಾತ್ರ ಪ್ರವೇಶ."

"ನೋಡದೆ ಹೆಂಗಪ್ಪಾ ಸೇರಿಸೋದು?"

"ಸೇರಿಸದೆ ಹೆಂಗಮ್ಮಾ ನೋಡೋದು?"

ಹದಿನೈದು ನಿಮಿಷ ವಾದಿಸಿದಳು. ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು.

ಗುರುವಾರ ಅಂಗಡಿಯ ಮಾಲೀಕ ಮುಖ ಗಂಟಿಕ್ಕಿಕೊಂಡೇ ರಜೆ ಕೊಟ್ಟ. ಈ ಸಲ ಗುಬ್ಬಿಯನ್ನೂ ಕರೆದುಕೊಂಡು ನೀರಿನ ಟ್ಯಾಂಕಿನ ಹಿಂದಿದ್ದ ಮೂರನೆಯದಕ್ಕೆ ಹೋದಳು. ಬಣ್ಣ ಉದುರಿದ ಗೋಡೆ, ಒಂದು ಕಡೆ ವಾಲಿದ ಬಾಗಿಲು. ವಯಸ್ಸಾದ ಟೀಚರ್ ನೆಲದ ಮೇಲೆ ಮಂಡಿಯೂರಿ ಕೂತಿದ್ದರು. ಎದುರಿಗೆ ಒಂದು ಕೆಂಪು ಬಕೆಟ್ಟಿಗಾಗಿ ಎಳೆದಾಡುತ್ತಿದ್ದ ಇಬ್ಬರು ಹುಡುಗಿಯರು.

"ಒಂದ್ನಿಮಿಷ ಇರಮ್ಮ, ಇವರ ಪಂಚಾಯ್ತಿ ಮುಗೀಲಿ" ಎಂದರು, ತಲೆಯೆತ್ತದೆ.

ಪಂಚಾಯ್ತಿ ಹತ್ತು ನಿಮಿಷ ನಡೆಯಿತು. ಆಮೇಲೆ ಸೊಂಟ ಹಿಡಿದುಕೊಂಡು ಎದ್ದು ಹೇಳಿದರು: "ಮಕ್ಕಳು ಇಪ್ಪತ್ತಾರು, ನಾವಿಬ್ಬರು. ಇನ್ನೊಬ್ಬರನ್ನ ಕೊಡಿ ಅಂತ ಬರೆದೂ ಬರೆದೂ ಕೈ ಸೋತಿದೆ. ಒಂದು ನಲ್ಲಿ ಸೋರತ್ತೆ. ಸುಳ್ಳು ಹೇಳಿ ಏನು ಪ್ರಯೋಜನ?"

ಅಷ್ಟರಲ್ಲಿ ಮಗಳು ಪಕ್ಕದಲ್ಲಿರಲಿಲ್ಲ. ಗಾಬರಿಯಿಂದ ತಿರುಗಿದರೆ, ಆ ಸೋರುವ ನಲ್ಲಿಯ ಕೆಳಗೆ ಲೋಟ ಹಿಡಿದು ಕೂತಿದ್ದಾಳೆ! ಹಿಂದೆ ನಿಂತಿದ್ದ ಗುರುತುಪರಿಚಯವಿಲ್ಲದ ಮಗುವಿಗೆ ಗಟ್ಟಿಯಾಗಿ ಹೇಳುತ್ತಿದ್ದಾಳೆ: "ಇದು ನಂದು. ನೀನು ಆಮೇಲೆ."

ತಾಯಿ ಅಲ್ಲೇ ನಿರ್ಧಾರ ಮಾಡಿಬಿಟ್ಟಳು.

ಶುಕ್ರವಾರ ಮೂರೂವರೆಗೆ ಕಚೇರಿಯಲ್ಲಿ ಅರ್ಜಿ ಕೊಟ್ಟಾಗ ಗುಮಾಸ್ತೆ ಕಂಪ್ಯೂಟರ್ ನೋಡಿ ಹುಬ್ಬೇರಿಸಿದಳು. "ಈ ಮಗೂದು ಹೋದ ತಿಂಗಳೇ ಬಂದಿದೆಯಲ್ಲ. ದೊಡ್ಡ ಗೇಟಿನ ಶಾಲೆ ಮೊದಲನೇದು. ತಂದೆ ಸಹಿ ಇದೆ. ರದ್ದು ಮಾಡ್ಬೇಕಂದ್ರೆ ಅವರೇ ಬರ್ಬೇಕು."

ಅವಳ ಮೈಯೆಲ್ಲ ಉರಿದುಹೋಯಿತು. ಕಾರಿಡಾರಿಗೆ ಬಂದು ಗಂಡನಿಗೆ ಫೋನ್ ಮಾಡಿದಳು.

"ಅಯ್ಯೋ, ಹೌದಲ್ವಾ!" ಎಂದ ಅವನು. "ಅಕ್ಕ ಅರ್ಜಿ ತುಂಬಿಸ್ಕೊಂಡು ಡಿಪೋಗೇ ತಂದಿದ್ಲು. ಸಹಿ ಹಾಕ್ಬಿಟ್ಟೆ. ನಿಂಗೆ ಹೇಳೋದು ಮರ್ತೇ ಹೋಯ್ತು."

"ಮೂರು ದಿನ ರಜ ಹಾಕಿ ಬೀದಿ ಬೀದಿ ಅಲೆದ್ನಲ್ರೀ, ಆಗ್ಲೂ ಜ್ಞಾಪಕ ಬರ್ಲಿಲ್ವಾ?"

"ಸುಮ್ನೆ ನೋಡ್ಕೊಂಡು ಬರ್ತೀಯ ಅಂದ್ಕೊಂಡೆ."

"ಸುಮ್ನೆ ನೋಡೋಕೆ ಅದೇನು ಮೃಗಾಲಯಾನಾ? ಐದರೊಳಗೆ ನೀವಿಲ್ಲಿರ್ಬೇಕು. ಇಲ್ಲಾಂದ್ರೆ ಇವತ್ತು ಮನೆಗೇ ಬರ್ಬೇಡಿ."

ಪಾಳಿ ಮುಗಿಸಿ ಖಾಕಿಯಲ್ಲೇ ಏದುಸಿರು ಬಿಡುತ್ತ ಅವನು ಬಂದಾಗ ಐದಕ್ಕೆ ಎಂಟು ನಿಮಿಷವಿತ್ತು. ಗುಮಾಸ್ತೆ ಡ್ರಾಯರಿಗೆ ಬೀಗ ಹಾಕಿಯಾಗಿತ್ತು. ಇವಳ ಮುಖ ನೋಡಿ ಮತ್ತೆ ತೆಗೆದಳು. ಸಹಿಯಾಯಿತು. ಆದರೆ ಪಟ್ಟಿ ಹೊರಬಿದ್ದಾಗ ಟ್ಯಾಂಕಿನ ಹಿಂದಿನ ಶಿಶುವಿಹಾರದಲ್ಲಿ ಜಾಗ ಭರ್ತಿಯಾಗಿ, ಕಾಯುವವರ ಪಟ್ಟಿಯಲ್ಲಿ ಗುಬ್ಬಿ ನಾಲ್ಕನೆಯವಳಾದಳು.

ವಿಷಯ ತಿಳಿದು ಗಂಡನ ಅಕ್ಕ ಮೂಗು ಮುರಿಯುತ್ತಲೇ ಬಂದರು. "ಒಳ್ಳೇದು ಮಾಡೋಕೆ ಹೋದ್ರೆ ನಾನೇ ಕೆಟ್ಟವಳು."

"ಕೆಟ್ಟವರಲ್ಲ ಅತ್ತಿಗೆ, ನೀವು ಒಂದು ಮಾತು ಕೇಳ್ಬೇಕಿತ್ತು" ಎಂದಳು ಅವಳು. "ಅವಳ ತಾಯಿ ನಾನು ಇನ್ನೂ ಬದುಕಿದ್ದೀನಿ." ಅತ್ತಿಗೆ ತಂದಿದ್ದ ಹೊಸ ಶಾಲಾ ಚೀಲವನ್ನು ಮೇಜಿನ ಮೇಲಿಟ್ಟು ಹೋದರು.

ಏಳು ವಾರಗಳಲ್ಲಿ ಪಟ್ಟಿಯಲ್ಲಿ ಮುಂದಿದ್ದ ಮೂವರೂ ಬೇರೆ ಕಡೆ ಸೇರಿಕೊಂಡರು, ಆಮೇಲೆ ಯಾರೋ ಮನೆ ಬದಲಾಯಿಸಿ ಜಾಗ ಖಾಲಿಯಾಯಿತು. ಮೊದಲ ದಿನ ಮಧ್ಯಾಹ್ನ ಗಂಡಹೆಂಡತಿ ಇಬ್ಬರೂ ಬಾಗಿಲಲ್ಲಿ ಕಾದರು. ಟೀಚರ್ ಗುಬ್ಬಿಯ ಕೈಹಿಡಿದು ತಂದುಕೊಟ್ಟು, "ಒಂದು ಜಗಳ ಆಡಿದ್ಲು, ಒಂದ್ಸಲ ಅತ್ಲು, ಎರಡು ಗಂಟೆ ಹಾಡಿದ್ಲು" ಎಂದು ವರದಿ ಒಪ್ಪಿಸಿದರು.

"ಏನ್ ಹಾಡಿದ್ಯೇ ಬಂಗಾರ?" ತಾಯಿ ದಾರಿಯುದ್ದಕ್ಕೂ ಕೇಳಿದಳು. "ಯಾರ ಜೊತೆ ಜಗಳ? ಏನೇನ್ ಮಾಡ್ದೆ?"

"ಏನಿಲ್ಲ" ಎಂದಳು ಗುಬ್ಬಿ.

ಗಂಡ ಕಿಸಕ್ಕನೆ ನಕ್ಕ. ಅವಳು ಅವನನ್ನು ದುರುಗುಟ್ಟಿ ನೋಡಿ, ಮಗಳನ್ನು ಎತ್ತಿಕೊಂಡು ಮುಂದೆ ನಡೆದಳು.