ಗೆರೆಯಾಚೆಯ ಐವತ್ತು ಹೆಜ್ಜೆ

ಸಾವಿರ ಮದುವೆಗೆ ಚಪ್ಪರ ಹಾಕಿದ ಕೈ ಅದು. ಆದರೂ ಆ ಬೆಳಿಗ್ಗೆ ಪೆಂಡಾಲ್ ಮೇಸ್ತ್ರಿಗೆ ಒಂದು ಕಡೆ ನಿಲ್ಲಲಾಗುತ್ತಿರಲಿಲ್ಲ. ಬೆಟ್ಟದ ನೂರು ಕಿಲೋಮೀಟರ್ ಓಟ ಮುಗಿಯುವ ಜಾಗ ಕಟ್ಟಿದವನು ಅವನೇ; ಓಡುತ್ತಿರುವವರಲ್ಲಿ ಅವನ ಮಗಳೂ ಒಬ್ಬಳು. ದಾರಿಯ ಕೊನೆಯ ನೀರಿನ ಕೌಂಟರಿನಿಂದ ಫೋನ್ ಬಂದಿತ್ತು: ದಾಟಿದ್ದಾಳೆ, ಆದರೆ ಕಾಲೆಳೆಯುತ್ತಾ ಬರುತ್ತಿದ್ದಾಳೆ.

ಓಟ ಮುಗಿಯುವ ಗೆರೆಯ ಮೇಲೆ ಕಮಾನು ಕಟ್ಟಿ, ಅದರ ಬೆನ್ನಿಗೇ ಅವನು ವೇದಿಕೆ ಎಬ್ಬಿಸಿದ್ದ. ಗೆರೆ ದಾಟಿದವರು ಮೂರು ಮೆಟ್ಟಿಲು ಹತ್ತಿ, ಪದಕ ಹಾಕಿಸಿಕೊಂಡು ಫೋಟೊಗೆ ನಿಲ್ಲಬೇಕು. ಎಲ್ಲಾ ಮದುವೆ ಮನೆಯ ಲೆಕ್ಕ.

ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ನಾದಿನಿ ಅದನ್ನು ಕಂಡು ಹುಬ್ಬು ಗಂಟಿಕ್ಕಿದಳು. "ಭಾವ, ಇದನ್ನ ಪಕ್ಕಕ್ಕೆ ಹಾಕಿಸಿ. ಅಷ್ಟು ಹೊತ್ತು ಓಡಿದೋರು ಗಕ್ಕನೆ ನಿಂತ್ರೆ ರಕ್ತ ಕಾಲಲ್ಲೇ ಉಳಿದು ತಲೆ ಸುತ್ತುತ್ತೆ. ಮುಂದೆ ನಡೆಯೋಕೆ ದಾರಿ ಬೇಕು."

"ಬೆಟ್ಟಾನೇ ಹತ್ತಿ ಇಳಿದೋರಿಗೆ ಮೂರು ಮೆಟ್ಟಿಲು ಯಾವ ಲೆಕ್ಕ?" ಎಂದ ಮೇಸ್ತ್ರಿ. ತಾನು ಹೊಡೆದ ಮೊಳೆ ಕೀಳುವುದೆಂದರೆ ಅವನಿಗೆ ಹಲ್ಲು ಕಿತ್ತಷ್ಟು ನೋವು.

ಮೊದಲು ಬಂದವನು ಶಾಲೆಯ ಡ್ರಿಲ್ ಮಾಸ್ತರ. ಗೆರೆ ದಾಟಿ ನಿಂತ, ಮೆಟ್ಟಿಲಿಗೆ ಕಾಲೆತ್ತಲು ಹೋಗಿ ಕಡಿದ ಬಾಳೆಯಂತೆ ಬಿದ್ದ. ಜನ ಮುತ್ತಿದರು. ಸ್ಟ್ರೆಚರ್ ವೇದಿಕೆಯ ಆಚೆಗೇ ಸಿಕ್ಕಿಕೊಂಡಿತು. ನಾದಿನಿ ಜನರನ್ನು ತಳ್ಳಿಕೊಂಡು ಬಂದು, ಉಸಿರು ನೋಡಿ, ಮಲಗಿಸಿ ಕಾಲೆತ್ತಿ ಹಿಡಿದಳು. ಸ್ವಲ್ಪ ಹೊತ್ತಿಗೆ ಮಾಸ್ತರ ಕಣ್ಣು ಬಿಟ್ಟ. ಆದರೆ ನೆಲದ ಮೇಲೆ ಬಿದ್ದವನಲ್ಲಿ ಮೇಸ್ತ್ರಿಗೆ ಕಂಡದ್ದು ತನ್ನ ಮಗಳ ಮುಖ.

"ಹಾರೆ ತನ್ನಿ," ಎಂದ. ಆಳುಗಳ ಜೊತೆ ತಾನೂ ಮೊಳೆ ಕಿತ್ತ. ಕೀಳುವಾಗಲೂ ಕಣ್ಣು ಬೆಟ್ಟದ ತಿರುವಿನಲ್ಲೇ. ಹಲಗೆಗಳು ಹೋಗಿ ಕಮಾನಿನಾಚೆ ಐವತ್ತು ಹೆಜ್ಜೆಯ ನೇರ ದಾರಿ ಬಿತ್ತು. ಎರಡೂ ಬದಿಗೆ ಹಗ್ಗ, ತುದಿಯಲ್ಲಿ ಕುರ್ಚಿ, ಕಂಬಳಿ, ಚಿಕಿತ್ಸೆಯ ಡೇರೆ.

ಕೊನೆಗೂ ಮಗಳು ಬಂದಳು. ಗೆರೆ ದಾಟಿದ್ದೇ ನಿಂತುಬಿಟ್ಟಳು, ಮುಖ ಬಿಳಿಚಿಕೊಂಡಿತ್ತು. ಮೇಸ್ತ್ರಿ ಓಡಿ ಹೋಗಿ ತೋಳು ಹಿಡಿದ.

"ನಿಲ್ಲಬೇಡ ಮಗಳೇ. ನಡಿ, ನಾನಿದ್ದೀನಿ."

"ಪದಕ ಎಲ್ಲಪ್ಪಾ?"

"ಕುರ್ಚಿ ಹತ್ರ ಇದೆ. ನಡಿ."

ಅವನು ಮನಸ್ಸಿನಲ್ಲೇ ಹೆಜ್ಜೆ ಎಣಿಸಿದ. ಐವತ್ತು ಮುಗಿಯುವಷ್ಟರಲ್ಲಿ ಅವಳ ಮುಖಕ್ಕೆ ಕಳೆ ಬಂದಿತ್ತು. ಅವಳನ್ನು ಕೂರಿಸಿ ಕಂಬಳಿ ಹೊದಿಸಿದ ಮೇಲೆ ಅವನಿಗೆ ಅಳು ತಡೆಯಲಾಗಲಿಲ್ಲ. ನಾದಿನಿ ಅವನಿಗೂ ಒಂದು ಕುರ್ಚಿ ಎಳೆದು ಹಾಕಿದಳು.

ನೀವೂ ದೂರದ ಓಟ ಏರ್ಪಡಿಸುತ್ತಿದ್ದೀರಾ? ಕಮಾನಿಗೆ ಹೂ ಕಟ್ಟುವ ಮೊದಲು ಅದರಾಚೆಯ ದಾರಿ ಅಳೆಯಿರಿ. ಮೆಟ್ಟಿಲು ಬೇಡ, ಜನ ಹಗ್ಗದಾಚೆ ಇರಲಿ, ಸ್ಟ್ರೆಚರ್ ಸಲೀಸಾಗಿ ಬರಲಿ. ಓಡಿ ಬರುವ ಪ್ರತಿಯೊಬ್ಬರಿಗಾಗಿ ಯಾರೋ ಒಬ್ಬರು ಬೆಟ್ಟದ ತಿರುವು ನೋಡುತ್ತಾ ನಿಂತಿರುತ್ತಾರೆ.