ಸೋರದ ಮನೆ

ನರ್ಸಮ್ಮನಿಗೆ ನಿವೃತ್ತಿಗೆ ಇನ್ನು ಮೂರೇ ವರ್ಷ. ಮದುವೆಯಾಗಲಿಲ್ಲ; ತಮ್ಮನನ್ನು ಬಿಟ್ಟು ಹೋಗಲಾಗಲಿಲ್ಲ ಎನ್ನುವುದೇ ಸರಿ. ತಮ್ಮನಿಗೆ ನಲವತ್ತು ತುಂಬಿದ್ದರೂ ಬುದ್ಧಿ ಎಂಟಕ್ಕೇ ನಿಂತಿತ್ತು. ಹೇಳಿಕೊಟ್ಟದ್ದು ತಲೆಗೆ ಹತ್ತಲು ತಿಂಗಳು ಬೇಕು. ಹತ್ತಿತೋ, ಪ್ರಳಯವಾದರೂ ಬಿಡುವವನಲ್ಲ. ನಾನು ಹೋದ ಮೇಲೆ ಇವನಿಗೆ ಯಾರು ದಿಕ್ಕು? ಈ ಒಂದು ಪ್ರಶ್ನೆ ಅವಳ ಎದೆಯಲ್ಲಿ ಮುಳ್ಳಾಗಿ ಕೂತಿತ್ತು.

ತಿಂಗಳು ತಿಂಗಳು ಬಾಡಿಗೆ ಬರುವ ಕಟ್ಟಡವೊಂದಿದ್ದರೆ ಅದೇ ದಿಕ್ಕು ಎಂದುಕೊಂಡಳು. ಅವರಿದ್ದ ಆಸ್ಪತ್ರೆಯ ಕ್ವಾರ್ಟರ್ಸಿನಿಂದ ಎರಡು ಬೀದಿ ಆಚೆ ಮೂರು ಅಂತಸ್ತಿನ ಹಳೆಯದೊಂದು ಮಾರಾಟಕ್ಕಿತ್ತು, ಅಂತಸ್ತಿಗೊಂದು ಮನೆ. ಮಾರುವವನ ಮಾತು ನಂಬದೆ, ರೋಗಿಯನ್ನು ನೋಡುವ ಹಾಗೆ ತಾನೇ ಪರೀಕ್ಷೆ ಮಾಡಿದಳು. ಗೋಡೆಗೆ ಅಂಗೈ ಒತ್ತಿ ತೇವ ಹುಡುಕಿದಳು, ನಲ್ಲಿಗಳನ್ನೆಲ್ಲ ಒಟ್ಟಿಗೆ ತಿರುಗಿಸಿದಳು, ಮೂಲೆ ಮೂಲೆಗೂ ಟಾರ್ಚು ಬಿಟ್ಟಳು. ಎಲ್ಲೂ ಒಂದು ಕಲೆಯಿಲ್ಲ. ಬೆಲೆ ಕಟ್ಟಲು ಬ್ಯಾಂಕಿನಿಂದ ಬಂದ ಇಂಜಿನಿಯರೂ ‘ಸೋರಿಕೆ ಇಲ್ಲ’ ಎಂದು ಬರೆದುಕೊಂಡು ಹೋದ.

ತೊಡಕಾದದ್ದು ಬಾಡಿಗೆಯಲ್ಲಿ. ಮೇಲಿನ ಮನೆಯಲ್ಲಿ ಒಬ್ಬರೇ ಒಬ್ಬ ತಾತ, ಹಿಂದೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಉಳಿದವರು ಕೊಡುವುದರ ಕಾಲುಭಾಗ ಕೊಡುತ್ತಿದ್ದರು.

“ಬರೋ ಬಾಡಿಗೆ ಸಾಲದ ಕಂತಿಗಿಂತ ಕಾಲುಭಾಗ ಹೆಚ್ಚಾದ್ರೂ ಇರ್ಬೇಕು ಸಿಸ್ಟರ್,” ಎಂದರು ಸಾಲದ ಅಧಿಕಾರಿ. “ಮೇಲಿನ ಮನೆ ಖಾಲಿ ಮಾಡ್ಸಿ, ಈಗಿನ ದರಕ್ಕೆ ಕೊಡಿ. ಸಾಲ ಮಂಜೂರಾಯ್ತು ಅಂದ್ಕೊಳ್ಳಿ.”

ಅಷ್ಟು ಕಡಿಮೆಗೆ ಯಾಕೆ ಕೊಟ್ಟಿದ್ದಿರಿ ಎಂದು ಕೇಳಿದರೆ ಮಾರುವವನು, “ಹಳಬರು, ಹಂಗೇ ನಡ್ಕೊಂಡು ಬಂತು,” ಎಂದು ಹಲ್ಲು ಗಿಂಜಿದ. ಪುಣ್ಯಾತ್ಮ, ಇನ್ನೊಂದು ಮಾತು ಹೇಳಿದ್ದರೆ ಅವನ ಗಂಟೇನೂ ಹೋಗುತ್ತಿರಲಿಲ್ಲ.

ಅವಳೇ ಮೇಲೆ ಹೋಗಿ, ನೆಲ ನೋಡುತ್ತ ವಿಷಯ ತಿಳಿಸಿದಳು. ತಾತ ವಾದ ಮಾಡಲಿಲ್ಲ. “ಎಷ್ಟು ದಿನ ಕೊಡ್ತೀಯಮ್ಮ?” ಎಂದಷ್ಟೇ ಕೇಳಿದರು. ತಿಂಗಳ ಕೊನೆಗೆ ಒಂದು ಟ್ರಂಕು, ಒಂದು ಕುರ್ಚಿಯೊಂದಿಗೆ ಆಟೋ ಹತ್ತುವಾಗ, “ಮಳೆಗೆ ಮುಂಚೆ ತಾರಸಿ ಮೇಲೆ ನೀರು ಹೋಗೋ ತೂತು ನೋಡ್ಕೋಮ್ಮ,” ಎಂದರು. ಅವಳು ಹೂಂ ಎಂದು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಳು.

ಸಾಲ ಸಿಕ್ಕಿ ಕಟ್ಟಡ ಅವಳದಾಯಿತು. ಮೊದಲ ದೊಡ್ಡ ಮಳೆಗೆ ತಾರಸಿ ಕೆರೆಯಾಯಿತು. ಪಕ್ಕದ ಮರದ ಎಲೆಗಳು ತೂತನ್ನು ಮುಚ್ಚಿದ್ದವು. ನಿಂತ ನೀರು ಕೂದಲೆಳೆಯಂಥ ಬಿರುಕುಗಳನ್ನು ಹುಡುಕಿಕೊಂಡು ಕೆಳಗಿಳಿಯಿತು. ಮೇಲಿನ ಮನೆಗೆ ಬಂದಿದ್ದ ಹೊಸಬರು ಎರಡನೇ ವಾರಕ್ಕೆ ಗಂಟುಮೂಟೆ ಕಟ್ಟಿದರು. ನಡುವಿನ ಮನೆಯ ಗೋಡೆಗೆ ಬೂಸ್ಟು ಹಿಡಿದು ಅವರೂ ಹೊರಟರು. ಕಂತು ಮಾತ್ರ ಹೊರಡಲಿಲ್ಲ. ಅದು ಅವಳ ಸಂಬಳ ತಿನ್ನತೊಡಗಿತು.

“ಇಪ್ಪತ್ತು ವರ್ಷದಿಂದ ತಾತನೇ ಅಲ್ವಾ ದಿನಾ ಬೆಳಿಗ್ಗೆ ಎಲೆ ತೆಗೀತಿದ್ದಿದ್ದು?” ಎಂದಳು ಕೆಳಮನೆಯಲ್ಲಿ ಬಟ್ಟೆ ಹೊಲಿಯುವ ಹೆಂಗಸು. “ಬೇಸಿಗೇಲಿ ಬಿರುಕಿಗೆಲ್ಲ ಟಾರು ಬಳೀತಿದ್ರು. ಅದಕ್ಕೇ ಬಾಡಿಗೆ ಕಮ್ಮಿ. ನಿಮ್ಗೆ ಗೊತ್ತಿದೆ ಅಂದ್ಕೊಂಡಿದ್ವಿ.”

ನರ್ಸಮ್ಮ ಮೆಟ್ಟಿಲ ಮೇಲೆ ಕೂತಳು. ವಾರ್ಡಿಗೆ ಬರುವ ಹೊಸ ಹುಡುಗಿಯರಿಗೆ ಅವಳೇ ಹೇಳಿಕೊಡುತ್ತಿದ್ದಳು: ವರ್ಷಗಟ್ಟಲೆ ಹಾಸಿಗೆ ಹಿಡಿದವರ ಬೆನ್ನಲ್ಲಿ ಹುಣ್ಣಿಲ್ಲ ಎಂದರೆ ಯಾರೋ ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದ್ದಾರೆ ಎಂದರ್ಥ, ಮೊದಲು ಅವರನ್ನು ಕರೆದು ಮಾತಾಡಿಸಿ. ಮೂವತ್ತು ವರ್ಷ ಆ ಪಾಠ ಹೇಳಿದವಳು ಹುಣ್ಣಿಲ್ಲದ ಬೆನ್ನು ನೋಡಿ ಹಿಗ್ಗಿ, ಮಗ್ಗುಲು ಬದಲಿಸಿದವರನ್ನೇ ಹೊರಗೆ ಹಾಕಿದ್ದಳು.

ಮರುದಿನವೇ ತಮ್ಮನನ್ನು ಕರೆದುಕೊಂಡು ತಾತನನ್ನು ಹುಡುಕಿ ಹೋದಳು. ತಾತನ ಮಗಳ ಒಂಟಿ ಕೋಣೆಯ ಮನೆಯಲ್ಲಿ, ಅಡುಗೆ ಮೂಲೆಯ ಪರದೆಯ ಹಿಂದೆ ಅವರ ಮಂಚವಿತ್ತು.

“ತಪ್ಪಾಯ್ತು ತಾತ. ಹಳೇ ಬಾಡಿಗೆಗೇ ವಾಪಸ್ ಬನ್ನಿ.”

“ಮಂಡಿ ಕೈಕೊಟ್ಟಿದೆ ಕಣಮ್ಮ. ಇನ್ನು ಮೆಟ್ಟಿಲು ನನ್ನಿಂದಾಗಲ್ಲ.” ಅವರ ಕಣ್ಣು ಬಾಗಿಲಲ್ಲಿ ನಿಂತವನ ಮೇಲೆ ಹೋಯಿತು. “ಇವನ್ಯಾರು?”

“ನನ್ನ ತಮ್ಮ. ಇವನಿಗೋಸ್ಕರವೇ ಆ ಮನೆ ತಗೊಂಡಿದ್ದು. ಸ್ವಲ್ಪ ನಿಧಾನ, ತಾತ.”

“ಈ ಕೆಲಸಕ್ಕೆ ಅವಸರದೋರು ಆಗಿಬರಲ್ಲ,” ಎಂದರು ತಾತ.

ಆಮೇಲೆ ಭಾನುವಾರ ಭಾನುವಾರ ತಮ್ಮ ತಾತನನ್ನು ಬೆನ್ನ ಮೇಲೆ ಹೊತ್ತು ಮೂರು ಅಂತಸ್ತು ಹತ್ತಿದ. ತಾತ ಕುರ್ಚಿಯಲ್ಲಿ ಕೂತು, ಅವನ ಕೈಯನ್ನು ಮೊಣಕೈತನಕ ತೂತಿಗೆ ಇಳಿಸಿ, ಎಲೆ ಎಲ್ಲಿ ಸಿಕ್ಕಿಕೊಳ್ಳುತ್ತದೆಂದು ಬೆರಳಿಗೇ ಕಲಿಸಿದರು. ಬೈಯಲಿಲ್ಲ, ಅವಸರ ಮಾಡಲಿಲ್ಲ. ಬೇಸಿಗೆಯಲ್ಲಿ ಬಿರುಕುಗಳಿಗೆ ಟಾರು ಬಳಿಸಿದರು. ಮುಂದಿನ ಮಳೆಗಾಲ ನೋಡಲು ಅವರು ಉಳಿಯಲಿಲ್ಲ.

ಆ ವರ್ಷದ ಮೊದಲ ಮಳೆ ಬೆಳಗಾಗುತ್ತಲೇ ಹುಯ್ಯಿತು. ಹಾಸಿಗೆಯಲ್ಲಿ ತಮ್ಮನಿಲ್ಲ. ನರ್ಸಮ್ಮ ಕೊಡೆ ಹಿಡಿದು ಓಡಿದಳು, ಏದುಸಿರು ಬಿಡುತ್ತ ಆ ಕಟ್ಟಡದ ತಾರಸಿ ಹತ್ತಿದಳು. ತಮ್ಮ ತೊಯ್ದು ತೊಪ್ಪೆಯಾಗಿ ಕುಕ್ಕರುಗಾಲಲ್ಲಿ ಕೂತಿದ್ದ, ಪಕ್ಕದಲ್ಲಿ ಎಲೆಯ ಗುಡ್ಡೆ. ತಾರಸಿಯ ನೀರು ಗುಳುಗುಳು ಇಳಿದುಹೋಗುತ್ತಿತ್ತು.

“ದಿನಾ ಬರ್ತೀಯೇನೋ ಹೀಗೆ?” ಎಂದಳು. “ಅಕ್ಕ ಇಲ್ದೇ ಹೋದ್ರೂ?”

ಇದೆಂಥ ಪ್ರಶ್ನೆ ಎನ್ನುವಂತೆ ಅವನು ತಲೆಯೆತ್ತಿದ.

“ತೂತು ಇಲ್ಲೇ ಇರತ್ತಲ್ಲಕ್ಕ.”

ಅವಳು ಕೊಡೆ ಮಡಚಿ, ಅವನ ಪಕ್ಕ ಒದ್ದೆ ನೆಲದಲ್ಲೇ ಕೂತುಕೊಂಡಳು.