ಮಲ್ಲಣ್ಣನ ಎರಡನೆಯ ಊಟ

ತುಪ್ಪ ಬೀಳುತ್ತದೆ, ಈಗ ಬೀಳುತ್ತದೆ, ಹೋಳಿಗೆಯ ಅಂಚಿನಲ್ಲಿ ಹನಿ ದಪ್ಪಗಾಗುತ್ತಿದೆ, ಅದನ್ನು ಹಿಡಿದ ಕೈಗೆ ಹಸಿರು ಬಳೆ, ಎಷ್ಟು ಚೆಂದದ ಕೈ, ಸೀಮೆಸುಣ್ಣ ಹಿಡಿದು ಹಿಡಿದು ಬೆರಳ ತುದಿ ಒಣಗಿದ ಕೈ, ಯಡ್ರಾಮಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಸುಮಿತ್ರಾಬಾಯಿಯ ಕೈ — ಆದರೆ ಅದರಲ್ಲಿ ಹೋಳಿಗೆ ಯಾಕಿರಬೇಕಿತ್ತು, ಒಂದು ಕಪ್ ಚಹಾ ಇದ್ದಿದ್ದರೆ ಯಾರಪ್ಪನ ಗಂಟು ಹೋಗುತ್ತಿತ್ತು, ಮಲ್ಲಣ್ಣನಿಗೆ ಅಳು ಬರುವಂತಾಯಿತು. ಕಿಣ್ಣಿ ಸುಲ್ತಾನದ ಪೈಲವಾನ, ಆಳಂದದ ಶಾಲೆಯ ಡ್ರಿಲ್ ಮಾಸ್ತರ, ಕುಸ್ತಿಯ ಕಣದಲ್ಲಿ ಬೆನ್ನಿಗೆ ಮಣ್ಣು ಹತ್ತಿಸಿಕೊಳ್ಳದವನು, ಹೆಣ್ಣು ನೋಡಲು ಬಂದ ಮನೆಯಲ್ಲಿ ತಾಟಿನ ಮುಂದೆ ಚಕ್ಕಳಮಕ್ಕಳ ಹಾಕಿ ಬೆವರುತ್ತಿದ್ದಾನೆ, ಬೆಲ್ಟಿನ ಕೊನೆಯ ತೂತೂ ಮುಗಿದಿದೆ, ಉಸಿರು ಅರ್ಧಕ್ಕೇ ನಿಲ್ಲುತ್ತಿದೆ, ಹೊಟ್ಟೆಯಲ್ಲಿ ಸೂಜಿ ಇಡಲೂ ಜಾಗವಿಲ್ಲ. ಎಲ್ಲಾ ಈ ಮಾವನಿಂದ, ಪಕ್ಕದಲ್ಲಿ ಏನೂ ಅರಿಯದವನಂತೆ ಮೀಸೆ ತೀಡುತ್ತ ಕೂತ ಸೋದರಮಾವ ಶಿವರಾಯನಿಂದ. ಹೋದ ವರ್ಷ ಅಫಜಲಪುರದ ಕಡೆ ಒಂದು ಹೆಣ್ಣಿನ ಮನೆಯಲ್ಲಿ ಇವನು ಮನಸ್ಸು ಬಿಚ್ಚಿ ಉಂಡಿದ್ದ, ತಪ್ಪೇನು, ದಂಡ ಬೈಠಕ ಹೊಡೆಯುವ ಮೈ, ರೊಟ್ಟಿಯ ಬುಟ್ಟಿ ಒಳಗಿನಿಂದ ಬರುತ್ತಲೇ ಇತ್ತು, ಇವನು ಖಾಲಿ ಮಾಡುತ್ತಲೇ ಇದ್ದ, ಆಮೇಲೆ ಆ ಮನೆಯಿಂದ ಹೇಳಿಕಳಿಸಿದರು, ಇವ್ರಿಗಿ ಕೊಟ್ರ ನಮ್ ಹುಡುಗಿ ಒಲಿ ಮುಂದೇ ಮುದುಕಿ ಆಗ್ತಾಳ್ರಿ. ಅದಕ್ಕೇ ಈ ಸಲ ಮಾವ ತಲೆ ಓಡಿಸಿದ, ಜೇವರ್ಗಿಯಲ್ಲಿ ತನ್ನ ಮನೆಗೆ ಕರೆದೊಯ್ದು ಮುಂದೆ ಕೂಡಿಸಿಕೊಂಡು ಹೇಳಿದ, ಇಲ್ಲೇ ಹೊಟ್ಟಿ ಬಿರಿಯಂಗ ಉಂಡು ಬಿಡು ಅಳಿಯಾ, ಅಲ್ಲಿ ಚಹಾ ಅವಲಕ್ಕಿ ಕೊಡ್ತಾರ, ಗುಬ್ಬಿ ತಿಂದಂಗ ತಿಂದು ಕೈ ತೊಳಿ. ತುಳಜಾಬಾಯಿ ಅತ್ತೆಗೆ ಇಷ್ಟು ಹೇಳಿದರೆ ಸಾಕಲ್ಲ, ಶೇಂಗಾ ಹೋಳಿಗೆ, ಎಣ್ಣೆಗಾಯಿ, ಮೇಲೊಂದು ತಂಬಿಗೆ ಮಜ್ಜಿಗೆ, ಒಲ್ಲೆ ಅತ್ತಿ ಅಂದರೆ ಯಾಕ್, ನನ್ನ ಕೈ ಅಡಗಿ ರುಚಿ ಇಲ್ಲೇನು ಅಂತ ಮುಖ ಸಣ್ಣದು ಮಾಡುತ್ತಾಳೆ.

ಆದರೆ ಈ ಶಾಂತಲಿಂಗಪ್ಪ, ಹುಡುಗಿಯ ಅಪ್ಪ, ಎದುರಿಗೆ ಕೂತು ಎಷ್ಟು ಪ್ರೀತಿಯಿಂದ ನೋಡುತ್ತಿದ್ದಾರೆ ಪುಣ್ಯಾತ್ಮರು, ಚಹಾ ಗಿಹಾ ಏನೂ ಇಲ್ಲ, ನಮಗ ಹುಡುಗ ಮನಸಿಗಿ ಬಂದಾರ್ರಿ ಶಿವರಾಯಣ್ಣ, ನಮ್ ಸುಮಿತ್ರಾನೂ ಹೂಂ ಅಂದಾಳ, ಇನ್ನ ಊಟಾನೇ ಅಂತ ಹೇಳಿ ಸೀದಾ ತಾಟು ಇಡಿಸಿಬಿಟ್ಟರು. ಹೆಣ್ಣಿನ ಮನೆಯಲ್ಲಿ ಉಂಡರೆ ಒಪ್ಪಿದ ಹಾಗೆ, ತಾಟಿಗೆ ಕೈ ಹಚ್ಚದೆ ಎದ್ದರೆ ಹುಡುಗಿ ಬೇಡ ಅಂದ ಹಾಗೆ, ಈ ಕಡೆ ಕೂಸಿಗೂ ಗೊತ್ತಿರುವ ಮಾತು. ಬೇಡ ಅನ್ನುವುದೇ, ಈಕೆಯನ್ನೇ, ಬಾಗಿಲಲ್ಲಿ ನಿಂತು ಒಮ್ಮೆ ನೋಡಿ ನಕ್ಕದ್ದಕ್ಕೇ ಇವನ ಎದೆ ಹೊಡೆದುಕೊಂಡಿತ್ತು, ಈಕೆ ಬೇಕು, ಈಕೆಯೇ ಬೇಕು, ಆದರೆ ಹೋಳಿಗೆ ಬೇಡ, ಇದನ್ನು ಯಾವ ಬಾಯಿಂದ ಹೇಳುವುದು — ಹನಿ ಇನ್ನೂ ಬಿದ್ದಿಲ್ಲ, ಆ ಕೈ ತಾಟಿನ ಮೇಲೇ ನಿಂತಿದೆ. ಎತ್ತು ಕೈ, ಎತ್ತಲೇ, ಜೋಳದ ಚೀಲ ಎತ್ತಿದ ತೋಳು ಒಂದು ತುತ್ತು ಎತ್ತಲಾರದೇ. ಇದೇ ತೋಳನ್ನು ತೋರಿಸಿ ಅಲ್ಲವೇ ಶರಫುದ್ದೀನ ಮಾಸ್ತರು ಪಾಠ ಮಾಡುತ್ತಿದ್ದದ್ದು, ಒಂಬತ್ತನೇ ಇಯತ್ತೆಯಲ್ಲಿ ಇವನ ಅಂಗಿ ಬಿಚ್ಚಿಸಿ ಬೆಂಚಿನ ಮೇಲೆ ನಿಲ್ಲಿಸಿ, ನೋಡ್ರಿ, ಇದು ಐಚ್ಛಿಕ ಸ್ನಾಯು, ಹೇಳಿದ್ದು ಕೇಳ್ತದ, ಮಲ್ಲ್ಯಾ ತೋಳು ಉಬ್ಬಿಸು, ಇವನು ಉಬ್ಬಿಸುತ್ತಿದ್ದ, ಹುಡುಗರು ಬಾಯಿ ಬಿಡುತ್ತಿದ್ದರು. ಆಮೇಲೆ ಛಡಿಯಿಂದ ಹೊಟ್ಟೆ ತಿವಿದು, ಇದರೊಳಗ ಜಠರ, ಇದರ ಸ್ನಾಯು ಅನೈಚ್ಛಿಕ, ಪೈಲವಾನ ಇರ್ಲಿ ಪಾಟೀಲ ಇರ್ಲಿ ಯಾರಿಗೂ ಜಗ್ಗಂಗಿಲ್ಲ, ತನಗ ತಿಳಿದಾಗ ಕೂಳು ಅರೀತದ, ತನಗ ತಿಳಿದಾಗ ಮುಂದ ನೂಕ್ತದ. ನೂಕು ತಾಯೀ, ಸ್ವಲ್ಪ ಬೇಗ ನೂಕು, ಎಣ್ಣೆಗಾಯಿಯನ್ನಾದರೂ ಸಣ್ಣ ಕರುಳಿಗೆ ಇಳಿಸು, ಪಿತ್ತಕೋಶ ಏನು ಮಾಡುತ್ತಿದೆ, ಎಣ್ಣೆ ತುಪ್ಪ ಬಂದಾಗ ಪಿತ್ತ ಸುರಿಯುವುದು ಅದರ ಕೆಲಸವಲ್ಲವೇ, ಎಲ್ಲರೂ ಇವತ್ತೇ ರಜೆ ಹಾಕಿದ್ದಾರೆಯೇ.

ಹನಿ ಬಿತ್ತು. ಹೋಳಿಗೆ ಬೀಳಲಿಲ್ಲ, ಯಾಕೆಂದರೆ ಇವನ ಅಂಗೈ ತಾನಾಗಿ ತಾಟಿಗೆ ಅಡ್ಡ ಹೋಗಿತ್ತು, ಅಯ್ಯೋ, ಹೇಳಿದ್ದು ಕೇಳುವ ಸ್ನಾಯುವೂ ಕೈಕೊಟ್ಟಿತು. ಶಾಂತಲಿಂಗಪ್ಪನವರ ಮುಖ ಇಳಿಯಿತು, ಮನಸಿಲ್ಲಂದ್ರ ಒತ್ತಾಯ ಇಲ್ರಿ, ನಾವೇನ್ ತಪ್ಪ್ ತಿಳ್ಕೊಳಂಗಿಲ್ಲ, ಮಾವ ಬಗಲಿಗೆ ಚಿವುಟಿದ, ಚಿವುಟಿದ ಜಾಗದಿಂದಲೇ ಹೊರಟಂತೆ ಹೊಟ್ಟೆ ಸದ್ದು ಮಾಡಿತು, ಸಣ್ಣ ಸದ್ದಲ್ಲ, ಒಳಗೆ ಯಾರೋ ನೆಲದಡಿಯ ಜೋಳದ ಹಗೇವಿನ ಬಾಯಿಗಲ್ಲು ಸರಿಸಿದಂಥ ಸದ್ದು, ಅಡಿಗೆಮನೆಯ ಹೆಂಗಸರೆಲ್ಲ ಇಣುಕಿದರು. ಸುಮಿತ್ರಾಬಾಯಿ ನಗಲಿಲ್ಲ, ತುಟಿ ಕಚ್ಚಿ ಇವನ ಹೊಟ್ಟೆ ನೋಡಿದಳು, ಬೆಲ್ಟು ನೋಡಿದಳು, ಕೊನೆಗೆ ಮುಖ ನೋಡಿದಳು, ಇದು ಹಸಿದ ಹೊಟ್ಟಿ ಸಪ್ಪಳ ಅಲ್ರಿ, ಎಲ್ಲಿ ಉಂಡು ಬಂದ್ರಿ. ಹುಡುಗಿ ಹೀಗೆ ಕೇಳಬಹುದೆಂದು ಮಾವ ಹೇಳಿಕೊಟ್ಟಿರಲಿಲ್ಲ, ಸುಳ್ಳು ಹುಡುಕಲು ತಲೆಗೆ ರಕ್ತ ಬೇಕು, ರಕ್ತವೆಲ್ಲ ಹೊಟ್ಟೆಗೆ ಹೋಗಿದೆ, ಆದ್ದರಿಂದ ನಿಜವೇ ಹೊರಗೆ ಬಂತು, ಮಾವನ ಮನ್ಯಾಗ್ರಿ. ಯಾಕ್ರಿ. ಇಲ್ಲಿ ಕಮ್ಮಿ ಉಣ್ಣಾಕ್ರಿ, ನಾ ಉಣ್ಣೋದು ನೋಡಿ ನೀವ್ ಬ್ಯಾಡ ಅಂದ್ರ ಅಂತ ಅಂಜಿಕಿ ಬಂತ್ರಿ, ನೀವು ಬೇಕಾಗೀರಿ ನನಗ. ಹೇಳಿಯೇಬಿಟ್ಟ, ಹಿರಿಯರ ಮುಂದೆ, ಭೂಮಿ ಬಾಯಿ ಬಿಡಬಾರದೇ, ಬಿಟ್ಟರೂ ಈ ಹೊಟ್ಟೆ ಅದರಲ್ಲಿ ಹಿಡಿಸಬೇಕಲ್ಲ. ಮಾವ ಗೋಡೆ ನೋಡುತ್ತಿದ್ದ, ಆಮೇಲೆ ಶಾಂತಲಿಂಗಪ್ಪನವರ ಭುಜ ಕುಲುಕತೊಡಗಿತು, ಅವರು ನಗುತ್ತಿದ್ದಾರೋ ಸಿಟ್ಟಾಗಿದ್ದಾರೋ ತಿಳಿಯುವಷ್ಟರಲ್ಲಿ ಆ ಕೈ ಮತ್ತೆ ಬಂತು, ಹೋಳಿಗೆಯ ಅಂಚಿನಿಂದ ಉಗುರಿನಷ್ಟು ಮುರಿದು ತಾಟಿನಲ್ಲಿಟ್ಟಿತು. ಇಷ್ಟೇ ತಗೋರಿ, ಗಂಟಲ ತನಕ ಇದು ನಿಮ್ಮ ಕೈಯಾಗ ಅದ, ಅಲ್ಲಿಂದ ಮುಂದ ಯಾರ ಮಾತೂ ಕೇಳಂಗಿಲ್ಲ, ತಿರುಗಿ ತರಾಕೂ ಬರಂಗಿಲ್ಲ, ವಿಚಾರ ಮಾಡಿ ನುಂಗ್ರಿ. ಮಕ್ಕಳಿಗೆ ಪಾಠ ಹೇಳುವ ದನಿಯಲ್ಲೇ ಹೇಳಿದಳು, ಕಿವಿ ಮಾತ್ರ ಕೆಂಪಾಗಿತ್ತು.

ಬಾಯಿಗೆ ಹಾಕಿಕೊಂಡ. ನಾಲಿಗೆಯ ಮೇಲೆ ಹೂರಣ ಕರಗಿತು, ಏಲಕ್ಕಿ ಇದೆ, ಜಾಜಿಕಾಯಿಯೂ ಇದೆ, ಜೊಲ್ಲು ತನ್ನ ಕೆಲಸ ಮಾಡುತ್ತಿದೆ, ನಾಲಿಗೆ ಹಿಂದಕ್ಕೆ ನೂಕುತ್ತಿದೆ, ವಿಚಾರ ಮಾಡುವುದೇನು, ವಿಚಾರ ಬಾಗಿಲಲ್ಲೇ ಮುಗಿದಿತ್ತು, ಆಕೆ ಕಣ್ಣು ಕೀಳದೆ ಇವನ ಗಂಟಲನ್ನೇ ನೋಡುತ್ತಿದ್ದಾಳೆ, ನುಂಗಿದ, ಇಳಿಯಿತು, ಅಬ್ಬ, ಇಳಿಯಿತು, ಎಲ್ಲೋ ಒಂದು ಉಗುರಿನಷ್ಟು ಜಾಗ ಉಳಿದಿತ್ತು ನೋಡು, ಒಳಗಿನವರೂ ಒಪ್ಪಿದರು, ಮುಗಿಯಿತು, ಗೆದ್ದೆ, ಇನ್ನು ಕೈ ತೊಳೆದು ಎದ್ದುಬಿಡಬೇಕು ಅನ್ನುವಷ್ಟರಲ್ಲಿ ಶಾಂತಲಿಂಗಪ್ಪನವರು ಕಣ್ಣೊರೆಸಿಕೊಳ್ಳುತ್ತ, ಹಂಗಾದ್ರ ಬೀಗರಾದಂಗಾತು, ಬೀಗರ ಊಟ ಹಿಂಗ ಉಗುರಿನಷ್ಟು ಆದ್ರ ಹ್ಯಾಂಗವ್ವಾ, ನೀಡು ನೀಡು ಅಂದರು, ಮತ್ತು ತಾಟಿನ ಮೇಲೆ ಆ ಕೈ, ಕೈಯಲ್ಲಿ ಉಳಿದ ಹೋಳಿಗೆ, ಹೋಳಿಗೆಯ ಅಂಚಿನಲ್ಲಿ ದಪ್ಪಗಾಗುತ್ತಿರುವ ತುಪ್ಪ